ಬಂಡೆ, ಗುಲಾಬಿ ಮತ್ತು ಚಿಕ್ಕಪ್ಪನ ಸ್ಟೂಲು

ದೊಡ್ಡಪ್ಪ: [ಚಿತ್ರ: ಕಡಲಿನ ಮೇಲೆ ಚಾಚಿದ ಬಂಡೆಯ ತುದಿ, ಒಂಟಿ ಕಾಲಿನಲ್ಲಿ ಬಾಗಿ ನಿಂತ ಮನುಷ್ಯ. ಕೆಳಗೆ ಮೂರು ಗುಲಾಬಿ.] ಸ್ಕಾಟ್ಲೆಂಡಿನ ಸೇಂಟ್ ಕಿಲ್ಡಾ ದ್ವೀಪದಲ್ಲಿ ಹುಡುಗಿ ಒಪ್ಪಬೇಕಾದರೆ ಹುಡುಗ ಹೀಗೆ ನಿಂತು ತೋರಿಸಬೇಕಿತ್ತಂತೆ. ಪ್ರೀತಿ ಎಂದರೆ ಇದು!

ಚಿಕ್ಕಮ್ಮ: ಎಷ್ಟು ಚೆನ್ನಾಗಿದೆ! ಇವರಿಗೂ ತೋರಿಸಿದೆ. ಸ್ಟೂಲು ಹತ್ತಿ ಬಲ್ಬ್ ಬದಲಿಸಲು ಹೆದರುವವರು, ನೋಡಿ ಸುಮ್ಮನಾದರು.

ಚಿಕ್ಕಪ್ಪ: ಸ್ಟೂಲಿನ ಒಂದು ಕಾಲು ಎರಡು ವರ್ಷದಿಂದ ಅಲುಗಾಡುತ್ತಿದೆ ಎಂಬುದನ್ನೂ ಗುಂಪಿಗೆ ತಿಳಿಸು.

ಗ್ಲಾಸ್ಗೋ ಅಕ್ಕ: ದೊಡ್ಡಪ್ಪ, ಮೊದಲು ಆ ಗುಲಾಬಿ ತೆಗೆಯಿರಿ. ಅದು ಪ್ರೀತಿಯ ಪರೀಕ್ಷೆಯಲ್ಲ, ಕಸುಬಿನ ಪರೀಕ್ಷೆ. ಆ ಜನ ಬದುಕಿದ್ದೇ ಬಂಡೆಯಲ್ಲಿ ಗೂಡು ಕಟ್ಟುವ ಕಡಲ ಹಕ್ಕಿಗಳಿಂದ. ಫುಲ್ಮಾರ್, ಗ್ಯಾನೆಟ್, ಪಫಿನ್. ಮಾಂಸ ಊಟಕ್ಕೆ, ಎಣ್ಣೆ ದೀಪಕ್ಕೆ, ಪುಕ್ಕ ಒಡೆಯನ ಗೇಣಿಗೆ. ಅಲ್ಲಿಯ ಕೊನಾಕರ್ ಬೆಟ್ಟ 430 ಮೀಟರ್, ಅದರ ಒಂದು ಮಗ್ಗುಲು ಕಡಿದಿಟ್ಟಂತೆ ಕಡಲಿಗೆ ಇಳಿಯುತ್ತದೆ. ಅಲ್ಲಿ ಹಗ್ಗ ಹಿಡಿದು ಇಳಿಯಲಾರದವನಿಗೆ ಹೆಣ್ಣು ಕೊಟ್ಟರೆ ಇಬ್ಬರಿಗೂ ಉಪವಾಸ.

ಭಾವ: ಅಂದರೆ ಸಂಬಳದ ಚೀಟಿ ತೋರಿಸಿದ ಹಾಗೆ.

ದೊಡ್ಡಪ್ಪ: ನೀನು ಆ ದ್ವೀಪ ನೋಡಿದ್ದೀಯಾ?

ಗ್ಲಾಸ್ಗೋ ಅಕ್ಕ: ಇಲ್ಲ. ಎರಡು ಸಲ ಹೊರಟೆವು. ಎರಡು ಸಲವೂ ಗಾಳಿ ಎದ್ದು ದೋಣಿ ಬಿಡಲಿಲ್ಲ. ಹೊರ ಹೆಬ್ರಿಡೀಸ್ ದ್ವೀಪಗಳಿಂದಲೇ ಸುಮಾರು 64 ಕಿಲೋಮೀಟರ್ ಪಶ್ಚಿಮಕ್ಕಿದೆ.

ದೊಡ್ಡಪ್ಪ: ಹಾಗಾದರೆ ನೀನೂ ನೋಡಿಲ್ಲ, ನಾನೂ ನೋಡಿಲ್ಲ. ಗುಲಾಬಿ ಇರಲಿ.

ಗ್ಲಾಸ್ಗೋ ಅಕ್ಕ: ನೋಡಿದವನ ಮಾತು ಕೇಳಿ. 1697ರಲ್ಲಿ ಮಾರ್ಟಿನ್ ಮಾರ್ಟಿನ್ ಎಂಬ ಸ್ಕೈ ದ್ವೀಪದವನು ಅಲ್ಲಿಗೆ ಹೋಗಿ ಬಂದು ಎಲ್ಲವನ್ನೂ ಬರೆದಿಟ್ಟ. ಎಡಗಾಲಿನ ಮೇಲೆ ನಿಲ್ಲಬೇಕು, ಅರ್ಧ ಪಾದ ಬಂಡೆಯ ಆಚೆ. ಬಲಗಾಲನ್ನು ಇನ್ನೂ ಮುಂದಕ್ಕೆ ಚಾಚಬೇಕು. ಆಮೇಲೆ ಬಾಗಿ ಎರಡೂ ಮುಷ್ಟಿಗಳನ್ನು ಬಲಪಾದದ ಆಚೆಗೆ ನೀಡಬೇಕು. ನೀನೂ ನಿಲ್ಲು ಎಂದು ಊರವರು ಅವನನ್ನು ಕರೆದರು. ನಿಂತರೆ ಪ್ರಾಣವೂ ಪ್ರೇಯಸಿಯೂ ಒಟ್ಟಿಗೇ ಹೋಗುತ್ತವೆ ಎಂದು ಜಾರಿಕೊಂಡ.

ಭಾವ: ಈಗಷ್ಟೇ ನಮ್ಮ ಜಗಲಿಯ ಅಂಚಿನಲ್ಲಿ ಪ್ರಯತ್ನಿಸಿದೆ. ಮುಷ್ಟಿ ಮೊಣಕಾಲು ದಾಟುವ ಮೊದಲೇ ಬಿದ್ದೆ. ಜಗಲಿಯ ಎತ್ತರ ಒಂದೂವರೆ ಅಡಿ. ದಾಸವಾಳದ ಗಿಡ ಹೋಯಿತು.

ಸೋದರಮಾವ: ಇದರಲ್ಲಿ ಅಚ್ಚರಿ ಏನಿದೆ? ಅಡಿಕೆ ಕೊನೆ ಕೊಯ್ಯುವ ನಮ್ಮ ಕೊನೆಗೌಡ ಮರದಿಂದ ಮರಕ್ಕೆ ತೂಗಿಕೊಂಡೇ ದಾಟುತ್ತಾನೆ. ಅವನ ಚಿತ್ರಕ್ಕೆ ಈ ಗುಂಪಿನಲ್ಲಿ ಯಾರೂ ಗುಲಾಬಿ ಹಾಕಿಲ್ಲ. ಇನ್ನು ತೋಟದ ಮಾಲೀಕರ ಮಕ್ಕಳಿಗೆ ಹೆಣ್ಣು ಸಿಗದ ಕಥೆ ಎತ್ತುವುದೇ ಬೇಡ.

ಚಿಕ್ಕಮ್ಮ: ಹುಡುಗಿ ಏನು ತರಬೇಕಿತ್ತು? ಅದನ್ನು ಯಾರೂ ಹೇಳುತ್ತಿಲ್ಲ.

ಗ್ಲಾಸ್ಗೋ ಅಕ್ಕ: ಹಗ್ಗ! ಬಂಡೆ ಇಳಿಯುವ ಗಟ್ಟಿ ಹಗ್ಗ ಮನೆತನದ ಆಸ್ತಿ. ಅದು ಪಾಲಿಗೆ ಬಂದ ಮಗಳನ್ನು ಊರಿನ ಸಿರಿವಂತೆಯರಲ್ಲಿ ಎಣಿಸುತ್ತಿದ್ದರು ಎಂದು 18ನೆಯ ಶತಮಾನದಲ್ಲಿ ಅಲ್ಲಿಗೆ ಹೋದ ಪಾದ್ರಿಯೊಬ್ಬರು ಬರೆದಿದ್ದಾರೆ.

ಚಿಕ್ಕಮ್ಮ: ಚಿನ್ನಕ್ಕಿಂತ ವಾಸಿ. ಅಗತ್ಯ ಬಿದ್ದರೆ ಕೈಬಿಡಲೂಬಹುದು.

ಚಿಕ್ಕಪ್ಪ: ಓದಿದೆ.

ದೊಡ್ಡಪ್ಪ: ಕಸುಬು ಇದ್ದಲ್ಲಿ ಪ್ರೀತಿ ಇರಬಾರದು ಎಂದು ಎಲ್ಲಿ ಬರೆದಿದೆ? ನಿನ್ನನ್ನು ಸಾಕುತ್ತೇನೆ ಎಂದು ಬಂಡೆಯ ತುದಿಯಲ್ಲಿ ನಿಂತು ಹೇಳುವವನು ಹಾಡು ಹೇಳುವವನಿಗಿಂತ ಕಡಿಮೆಯೇ? ನಿಮ್ಮ ದೊಡ್ಡಮ್ಮನನ್ನು ನೋಡಲು ಹೋದಾಗ ಅವಳ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ, ತೋಟಕ್ಕೆ ಬೇಸಿಗೆಯಲ್ಲಿ ನೀರಿದೆಯೇ ಎಂದು. ನಲವತ್ತೆಂಟು ವರ್ಷ ಆಯಿತು.

ಗ್ಲಾಸ್ಗೋ ಅಕ್ಕ: ಅದನ್ನು ಒಪ್ಪುತ್ತೇನೆ. ಆದರೆ ಅದೇ ದ್ವೀಪದ ಇನ್ನೊಂದು ದಾಂಪತ್ಯವನ್ನೂ ಕೇಳಿ. ಎಡಿನ್‌ಬರೋದ ನ್ಯಾಯಾಧೀಶ ಲಾರ್ಡ್ ಗ್ರೇಂಜ್ 1732ರಲ್ಲಿ ತನ್ನ ಹೆಂಡತಿಯನ್ನೇ ಅಪಹರಣ ಮಾಡಿಸಿದ. ಊರಿನಲ್ಲಿ ಸುಳ್ಳು ಶವಸಂಸ್ಕಾರ ನಡೆಯಿತು. 1734ರಿಂದ ವರ್ಷಗಟ್ಟಲೆ ಅವಳನ್ನು ಸೇಂಟ್ ಕಿಲ್ಡಾದಲ್ಲಿ ಕೂಡಿಹಾಕಿದ್ದರು.

ಚಿಕ್ಕಮ್ಮ: ಥೂ. ಅವನನ್ನು ನಿಲ್ಲಿಸಬೇಕಿತ್ತು ಬಂಡೆಯ ಮೇಲೆ, ಎರಡು ಕಾಲೂ ಆಚೆಗೆ.

ಸೋದರಮಾವ: ಈಗ ಅಲ್ಲಿ ಯಾರಿದ್ದಾರೆ?

ಗ್ಲಾಸ್ಗೋ ಅಕ್ಕ: ಊರವರು ಯಾರೂ ಇಲ್ಲ. ಪ್ರಾಯದವರು ಒಬ್ಬೊಬ್ಬರಾಗಿ ಹೊರಟುಹೋದರು. ಉಳಿದ 36 ಜನ ತಾವೇ ಸರ್ಕಾರಕ್ಕೆ ಬರೆದುಕೊಂಡು 1930ರ ಆಗಸ್ಟ್ 29ರಂದು ಹಡಗು ಹತ್ತಿದರು. ಹೊರಡುವಾಗ ಮನೆಮನೆಯಲ್ಲೂ ಬೈಬಲನ್ನು ತೆರೆದಿಟ್ಟು, ಪಕ್ಕದಲ್ಲಿ ಒಂದು ಹಿಡಿ ಓಟ್ಸ್ ಕಾಳು ಇಟ್ಟರಂತೆ. ಈಗ ನಿಮ್ಮ ಚಿತ್ರದ ಬಂಡೆಯ ಮೇಲೆ ಪ್ರವಾಸಿಗರು ನಿಲ್ಲುತ್ತಾರೆ. ಅದೂ ಬೇರೆ ಬಂಡೆಯೇ ಇರಬೇಕು. ಮಾರ್ಟಿನ್ ಹೇಳಿದ ಕಲ್ಲು ಬಾಗಿಲಿನ ಆಕಾರದ್ದು. ನಿಮ್ಮ ಚಿತ್ರದಲ್ಲಿ ಬಾಗಿಲೂ ಇಲ್ಲ, ಹೊಸ್ತಿಲೂ ಇಲ್ಲ.

ದೊಡ್ಡಪ್ಪ: ಹಾಗಾದರೆ ಅಳಿಸಿಬಿಡಲೇ?

ಚಿಕ್ಕಮ್ಮ: ಬೇಡ ಬೇಡ. ಇವರು ಸುತ್ತಿಗೆ ಹುಡುಕುತ್ತಿದ್ದಾರೆ.