ಕಸ ವಿಲೇವಾರಿ ಜಾಗದ ಆಯ್ಕೆ: ಬತ್ತಿದ ಕೆರೆಯಂಗಳಕ್ಕೇ ಹೆಚ್ಚು ಅಂಕ ಬರುತ್ತಿರುವುದೇಕೆ?

ಪ್ರಶ್ನೆ (ಸ್ನಾತಕೋತ್ತರ ವಿದ್ಯಾರ್ಥಿನಿ, ಚಿತ್ರದುರ್ಗ)

ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗ ನಗರದ ಕಸ ವಿಲೇವಾರಿಗೆ ಸೂಕ್ತ ಜಾಗವನ್ನು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದ ಮೂಲಕ ಹುಡುಕುವುದು ನನ್ನ ಪ್ರಬಂಧದ ವಿಷಯ. ಇಳಿಜಾರು, ಮಣ್ಣು, ರಸ್ತೆ, ಜನವಸತಿ ಮತ್ತು ಭೂಬಳಕೆಯ ಪದರಗಳಿಗೆ ಮಹತ್ವಕ್ಕೆ ತಕ್ಕ ತೂಕ ಕೊಟ್ಟು ಒಂದರ ಮೇಲೊಂದು ಕೂಡಿಸಿದಾಗ, ಅತಿ ಹೆಚ್ಚು ಅಂಕ ಪಡೆದ ಜಾಗಗಳಲ್ಲಿ ಕೆಲವು ಹಳೆಯ ಕೆರೆಗಳ ಅಂಗಳಗಳಾಗಿವೆ. ಭೂಬಳಕೆಗೆ ಏಪ್ರಿಲ್ ತಿಂಗಳ ಉಪಗ್ರಹ ಚಿತ್ರವನ್ನು ಬಳಸಲಾಗಿದೆ. ತೂಕಗಳನ್ನು ಬದಲಿಸಿದರೆ ಸರಿಹೋಗುವುದೇ?

ಉತ್ತರ 1 (ನಿವೃತ್ತ ಭೂಗೋಳ ಉಪನ್ಯಾಸಕ, ಹಿರಿಯೂರು)

ತೂಕ ಬದಲಿಸಿದರೆ ಸಾಲದಮ್ಮ. ನಿಷಿದ್ಧ ಜಾಗಕ್ಕೆ ಅಂಕವನ್ನೇ ಕೊಡಬಾರದು, ಅದನ್ನು ಮೊದಲೇ ನಕ್ಷೆಯಿಂದ ತೆಗೆದುಹಾಕಬೇಕು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಲ್ಯಾಂಡ್‌ಫಿಲ್ (ಕಸ ಹೂಳುವ) ತಾಣವು ನದಿಯಿಂದ 100 ಮೀಟರ್, ಕೆರೆಕುಂಟೆ, ಹೆದ್ದಾರಿ, ಜನವಸತಿ ಹಾಗೂ ನೀರು ಪೂರೈಸುವ ಬಾವಿಗಳಿಂದ 200 ಮೀಟರ್ ದೂರವಿರಬೇಕಿತ್ತು. ಇವನ್ನೆಲ್ಲ ಕಳೆದು ಉಳಿದ ನೆಲಕ್ಕೆ ಮಾತ್ರ ತೂಕದ ಲೆಕ್ಕ ಅನ್ವಯಿಸುತ್ತದೆ.

ಇನ್ನು ಏಪ್ರಿಲ್ ಚಿತ್ರದ ವಿಚಾರ. ಆಗ ಕೆರೆ ಬತ್ತಿ ಬರೀ ನೆಲದಂತೆ ಕಾಣುತ್ತದೆ. ಬತ್ತಿದ ಕೆರೆಯಂಗಳ ಸಮತಟ್ಟಾಗಿರುತ್ತದೆ, ಅಲ್ಲಿ ಮನೆಗಳಿರುವುದಿಲ್ಲ, ಹೂಳಿನ ಜಿಗುಟು ಮಣ್ಣು ನೀರನ್ನು ಬೇಗ ಇಂಗಿಸುವುದಿಲ್ಲ. ಹೀಗಾಗಿ ನಿಮ್ಮ ಪ್ರತಿಯೊಂದು ಮಾನದಂಡಕ್ಕೂ ಅದು ಒಪ್ಪುತ್ತದೆ. ನಮ್ಮ ಬರದ ಜಿಲ್ಲೆಯಲ್ಲಿ ಯಾವುದೋ ಒಂದು ವರ್ಷದ ಮಳೆಗಾಲದ ಚಿತ್ರವನ್ನು ನಂಬಿದರೂ ಕೆರೆಗಳು ಕಾಣದೆ ಹೋಗಬಹುದು. ಹಿರಿಯೂರು ಬಳಿಯ ದೊಡ್ಡ ಜಲಾಶಯ ವಾಣಿವಿಲಾಸ ಸಾಗರವೇ 1933ರ ನಂತರ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ಆ ವರ್ಷದ ಮಳೆಗಾಲ ಮುಗಿದ ಮೇಲಿನ ಸೆಂಟಿನೆಲ್-2 ಉಪಗ್ರಹದ ಚಿತ್ರವನ್ನು ತೆಗೆದುಕೊಂಡು, 10 ಮೀಟರ್ ಸ್ಪಷ್ಟತೆಯಲ್ಲಿ ನೀರು ನಿಂತ ಪ್ರತಿಯೊಂದು ಅಂಗಳವನ್ನೂ ಗುರುತಿಸಿ, ಅದನ್ನು ಕಂದಾಯ ಇಲಾಖೆಯ ಗ್ರಾಮನಕ್ಷೆಯೊಡನೆ ತಾಳೆ ನೋಡಿ. ಎರಡರಲ್ಲಿ ಒಂದರಲ್ಲಿ ಕೆರೆ ಕಂಡರೂ ಆ ಜಾಗವನ್ನು ಬಿಟ್ಟುಬಿಡಿ.

ಉತ್ತರ 2 (ಸಿವಿಲ್ ಎಂಜಿನಿಯರ್, ದಾವಣಗೆರೆ)

ಮೇಲಿನ ಉತ್ತರವನ್ನು ಒಪ್ಪುತ್ತೇನೆ, ಆದರೆ ಸರ್, ಕೆರೆಯ ಸುತ್ತ 200 ಮೀಟರ್ ವೃತ್ತ ಎಳೆದು ನಿಲ್ಲಿಸಿದರೆ ಅಪಾಯ ತಪ್ಪುವುದಿಲ್ಲ. ಕೆರೆಯಿಂದ ಒಂದು ಕಿಲೋಮೀಟರ್ ಮೇಲಕ್ಕೆ, ಅದಕ್ಕೆ ನೀರು ತರುವ ಹಳ್ಳದ ಪಕ್ಕದಲ್ಲಿ ಕಸ ಸುರಿದರೆ ಮೊದಲ ಜೋರು ಮಳೆಗೇ ಅದರ ಕಪ್ಪು ರಸ ಕೆರೆಗೆ ಇಳಿಯುತ್ತದೆ. ನೆಲದ ಎತ್ತರದ ದತ್ತಾಂಶದಿಂದ ಪ್ರತಿ ಕೆರೆಯ ಜಲಾನಯನವನ್ನು (ಅದಕ್ಕೆ ನೀರು ಹರಿದುಬರುವ ಪ್ರದೇಶವನ್ನು) ಬಿಡಿಸಿ, ಮುಖ್ಯ ಹಳ್ಳಗಳ ಎರಡೂ ದಡಗಳನ್ನು ಹೊರಗಿಡುವುದು ಉತ್ತಮ. ದಾವಣಗೆರೆ ಕಡೆ ಭದ್ರಾ ನಾಲೆಯ ಕಾಲುವೆಗಳನ್ನು ಪ್ರತ್ಯೇಕವಾಗಿಯೇ ಸೇರಿಸಬೇಕು, ಏಕೆಂದರೆ ತೋಡಿದ ಕಾಲುವೆ 30 ಮೀಟರ್ ಚೌಕದ ಎತ್ತರದ ದತ್ತಾಂಶದಲ್ಲಿ ಮೂಡುವುದೇ ಇಲ್ಲ.

ಉತ್ತರ 3 (ಭೂವಿಜ್ಞಾನ ಸಂಶೋಧಕಿ, ಚಿತ್ರದುರ್ಗ)

ಇಲ್ಲಿನ ಗಟ್ಟಿ ಶಿಲೆಯಲ್ಲಿ ನೀರು ಹರಿಯುವುದು ಬಿರುಕುಗಳಲ್ಲಿ, ಆದ್ದರಿಂದ ಬಿರುಕುರೇಖೆಗಳ ಪದರವೂ ಬೇಕು. ಎರಡು ರೇಖೆಗಳು ಕೂಡುವ ಜಾಗವನ್ನು ಖಂಡಿತ ಆರಿಸಬೇಡಿ. ಕೊನೆಗೆ ಉಳಿದ ಮೂರ್ನಾಲ್ಕು ಜಾಗಗಳಿಗೆ ಹೋಗಿ, ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ನೋಡಿ ಪಹಣಿ ತೆಗೆಸಿ, ಸುತ್ತಲಿನ ಕೊಳವೆಬಾವಿಗಳ ನೀರಿನ ಮಟ್ಟವನ್ನು ರೈತರಲ್ಲಿ ಕೇಳಿ ಬರೆದುಕೊಳ್ಳಿ. ಕಸದ ಗುಂಡಿಯ ತಳಕ್ಕೆ ಹಾಸುವ ಜೇಡಿಪದರಕ್ಕಿಂತ ಅಂತರ್ಜಲ ಕನಿಷ್ಠ 2 ಮೀಟರ್ ಕೆಳಗಿರಬೇಕೆಂದು 2016ರ ನಿಯಮಗಳಲ್ಲಿತ್ತು, ಅದನ್ನು ಬೇಸಿಗೆಯಲ್ಲಲ್ಲ, ಮಳೆಗಾಲ ಮುಗಿದ ಮೇಲೆ ಅಳೆಯಬೇಕು.