ನಿಮ್ಮ ಗಾಡಿ ಯಾವ ಕ್ಲಾಸಿಗೆ? ಬಾನ್‌ವಿಲ್ ಇಂಜಿನ್, ಬಾಡಿ ನಿಯಮಗಳ ಪ್ರಶ್ನೋತ್ತರ

ಇಂಜಿನ್ ಬಿಲ್ಡರ್ (ಉತ್ತರಿಸುವವರು): ಯೂಟಾದ ಬಾನ್‌ವಿಲ್ ಉಪ್ಪುಬಯಲಿನ ಸ್ಪೀಡ್ ವೀಕ್ (ವೇಗದ ದಾಖಲೆ ಓಟಗಳ ವಾರ) ಮತ್ತು ಕ್ಯಾಲಿಫೋರ್ನಿಯಾದ ಎಲ್ ಮಿರಾಜ್ ಒಣಕೆರೆ, ಎರಡು ಕಡೆಯೂ ಎಸ್‌ಸಿಟಿಎ (ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್) ನಿಯಮ. ಇಂಜಿನ್ ಎಷ್ಟು ದೊಡ್ಡದು, ಗಾಳಿ ಮತ್ತು ಇಂಧನ ಹೇಗೆ ಒಳಹೋಗುತ್ತೆ, ಬಾಡಿ ಯಾವ ಬಗೆ ಅನ್ನೋದರ ಮೇಲೆ ಕ್ಲಾಸ್ ನಿಂತಿದೆ. ಕೇಳಿ.

ಹೊಸಬ: ಟರ್ಬೊ ಹಾಕಿದರೆ ಕ್ಲಾಸ್ ಬದಲಾಗುತ್ತಾ ಸರ್?

ಇಂಜಿನ್ ಬಿಲ್ಡರ್: ಬದಲಾಗುತ್ತೆ. ಟರ್ಬೊ ಇರಲಿ, ಸೂಪರ್‌ಚಾರ್ಜರ್ ಇರಲಿ, ಬ್ಲೋನ್ ಕ್ಲಾಸ್, ಅಂದರೆ ಗಾಳಿಯನ್ನು ಒತ್ತಿ ತುಂಬುವ ಇಂಜಿನ್ನುಗಳದ್ದು.

ಟ್ಯಾಂಕ್‌ಪ್ರಿಯ: ಡ್ರಾಪ್ ಟ್ಯಾಂಕ್ (ವಿಮಾನದಿಂದ ಕಳಚಿ ಬೀಳಿಸುವ ಇಂಧನ ಟ್ಯಾಂಕ್) ಬಾಡಿಯ ಹಳೇ ಲೇಕ್‌ಸ್ಟರ್ ಕೊಂಡಿದ್ದೇನೆ. ಹಿಂದಿನ ಚಕ್ರಗಳಿಗೆ ಮಾತ್ರ ಫೇರಿಂಗ್ (ಗಾಳಿ ಸುಲಭವಾಗಿ ಸರಿಯಲು ಹಾಕುವ ಹೊದಿಕೆ) ಹಾಕಲಾ?

ಇಂಜಿನ್ ಬಿಲ್ಡರ್: ಬೇಡ. 1946ರಲ್ಲಿ ಬಿಲ್ ಬರ್ಕ್ ವಿಮಾನದ ಡ್ರಾಪ್ ಟ್ಯಾಂಕಿಗೆ ಚಕ್ರ ಜೋಡಿಸಿದ ಕಾಲದಿಂದ ಈ ಗಾಡಿಗಳ ಚಕ್ರ ಹೊರಗೇ ಇದೆ. ಅದನ್ನು ಮುಚ್ಚಿದರೆ ಲೇಕ್‌ಸ್ಟರ್ ಆಗಿ ಉಳಿಯಲ್ಲ, ಚಕ್ರ ಮುಚ್ಚಿದ ಸ್ಟ್ರೀಮ್‌ಲೈನರ್‌ಗಳ ಎದುರು ಓಡಬೇಕಾಗುತ್ತೆ.

ಫೋರ್ಡ್302: ನನ್ನದು ಫೋರ್ಡ್ 302, ಟರ್ಬೊ ಇಲ್ಲ, ಗ್ಯಾಸ್ (ಪೆಟ್ರೋಲ್) ಕ್ಲಾಸ್. ಸಿಲಿಂಡರ್ ಸವೆದಿದೆ, 30 ಥೌ (0.030 ಇಂಚು) ಬೋರ್ ಮಾಡಿಸಿ ಅಂತ ಮೆಕ್ಯಾನಿಕ್ ಹೇಳ್ತಿದ್ದಾರೆ. 302 ಅಂದಮೇಲೆ ಡಿ ಕ್ಲಾಸ್ ತಾನೇ?

ಇಂಜಿನ್ ಬಿಲ್ಡರ್: ಬೋರ್ ಮಾಡಿಸುವ ಮುಂಚೆ ಕೇಳಿದ್ದು ಬಹಳ ಒಳ್ಳೇದಾಯ್ತು. ಡಿ ಕ್ಲಾಸ್ 261ರಿಂದ 305.99 ಕ್ಯೂಬಿಕ್ ಇಂಚು, ಸಿ ಕ್ಲಾಸ್ 306ರಿಂದ 372.99. ನಿಮ್ಮ ಇಂಜಿನ್ನಿನ ಮೂಲ ಬೋರ್ (ಸಿಲಿಂಡರಿನ ವ್ಯಾಸ) 4.000 ಇಂಚು, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 3.000, ಎಂಟು ಸಿಲಿಂಡರ್. ಲೆಕ್ಕ ಹಾಕಿದರೆ 301.6. ಬೋರ್ 4.030 ಆಯ್ತೋ, 306.13. ಗೆರೆ ದಾಟಿದ್ದು ಬರೀ 0.14 ಕ್ಯೂಬಿಕ್ ಇಂಚು, ಅಂದರೆ ಎಂಟೂ ಸಿಲಿಂಡರ್ ಸೇರಿ ಸುಮಾರು 2.4 ಸಿಸಿ, ಅರ್ಧ ಟೀ ಚಮಚದಷ್ಟು. ಅಷ್ಟಕ್ಕೇ ನೀವು ಸಿ ಕ್ಲಾಸ್. ಅಲ್ಲಿ 370ರ ಇಂಜಿನ್ ತಂದವರ ಎದುರು 306 ಇಟ್ಟುಕೊಂಡು ಏನು ಮಾಡ್ತೀರಿ?

ದಾರಿ ಇದೆ. 20 ಥೌಗೇ ಸವೆತ ಹೋಗುತ್ತಾ ನೋಡಿ. ಹೋದರೆ 304.6, ನೆಮ್ಮದಿಯಾಗಿ ಡಿ. ಹೋಗದಿದ್ದರೆ ಕ್ರ್ಯಾಂಕ್ ಕಡೆ ಬನ್ನಿ, ಅದರಲ್ಲಿ ಕನೆಕ್ಟಿಂಗ್ ರಾಡ್ ಕೂರುವ ಭಾಗವೇ ರಾಡ್ ಜರ್ನಲ್. ರಾಡ್ ಜರ್ನಲ್‌ಗಳನ್ನು ಹೇಗೂ 10 ಥೌ ಅಂಡರ್‌ಸೈಜ್ ಗ್ರೈಂಡ್ ಮಾಡಿಸುವುದಾದರೆ, ಜರ್ನಲ್ ಕೇಂದ್ರವನ್ನು ಎರಡೂವರೆ ಥೌ ಒಳಕ್ಕೆ ಸರಿಸಿ ಗ್ರೈಂಡ್ ಮಾಡಿ ಅಂತ ಹೇಳಿ. ಸ್ಟ್ರೋಕ್ 2.995 ಆಗುತ್ತೆ, 4.030 ಬೋರಿನಲ್ಲೂ 305.62. ಗ್ರೈಂಡ್ ಆದಮೇಲೆ ನಾಲ್ಕೂ ಥ್ರೋ ಅಳೆಸಿ, ಒಂದು ಅಳೆದು ಬಿಡಬೇಡಿ. ಮೂರನೇದು, ಡಿ ಆಸೆ ಬಿಟ್ಟು 3.400 ಸ್ಟ್ರೋಕ್ ಕ್ರ್ಯಾಂಕ್ ಹಾಕಿ 347 ಮಾಡಿಕೊಳ್ಳುವುದು. ಸಿ ಕ್ಲಾಸಿಗೆ ಹೋಗುವುದೇ ಆದರೆ ಹಾಗೆ ಹೋಗಿ. ನಾನಾದರೆ ಎರಡನೇದು ಮಾಡ್ತೇನೆ.

ರೆಕಾರ್ಡ್ ಮಾಡಿದವರ ಇಂಜಿನ್ ಅಳೆಯುತ್ತಾರೆ. ಪಿಸ್ಟನ್ ಡಬ್ಬದ ಮೇಲೆ ಬರೆದ ಅಳತೆ ಅಲ್ಲಿ ನಡೆಯಲ್ಲ.

ಫೋರ್ಡ್302: ಇದು ಯಾರೂ ಹೇಳಿರಲಿಲ್ಲ ಸರ್. ಬೋರಿಂಗ್ ನಿಲ್ಲಿಸಿದೆ.

ವೇಗಿ: ರೆಕಾರ್ಡಿಗೆ ಎದುರುಬದುರು ದಿಕ್ಕಿನಲ್ಲಿ ಒಂದು ಗಂಟೆಯೊಳಗೆ ಎರಡು ಓಟ ಬೇಕು. 1997ರಲ್ಲಿ ಬ್ಲ್ಯಾಕ್ ರಾಕ್‌ನಲ್ಲಿ ಆಂಡಿ ಗ್ರೀನ್ ನೆಲದ ವೇಗದ ವಿಶ್ವ ದಾಖಲೆ ಹಾಗೇ ಮಾಡಿದ್ದು.

ಉಪ್ಪುಬಯಲು: ಸ್ಪೀಡ್ ವೀಕ್‌ನಲ್ಲಿ ಎರಡೂ ಓಟ ಒಂದೇ ದಿಕ್ಕು. ಮೊದಲ ದಿನ ರೆಕಾರ್ಡ್ ಮೀರಿ ಇಂಪೌಂಡ್‌ಗೆ (ಗಾಡಿಯನ್ನು ಕಾವಲಿನಲ್ಲಿ ಇಡುವ ಜಾಗ) ಹೋಗು, ಮರುದಿನ ಬೆಳಿಗ್ಗೆ ಇನ್ನೊಂದು ಓಟ, ಎರಡರ ಸರಾಸರಿ. ಗೊತ್ತಿಲ್ಲದೆ ಬರೀಬೇಡ.

ವೇಗಿ: ಅದು ವಿಶ್ವ ದಾಖಲೆ ಅಲ್ಲ. ಕ್ಲಬ್ ರೆಕಾರ್ಡ್.

ಉಪ್ಪುಬಯಲು: ಉಪ್ಪಿನ ಮೇಲೆ ಒಂದು ಸಲ ನಿಂತು ಬಂದು ಆಮೇಲೆ ಹೇಳು, ಯಾವುದು ಬರೀ ಕ್ಲಬ್ ರೆಕಾರ್ಡ್ ಅಂತ.

ರೋಡ್‌ಸ್ಟರ್ ಅಣ್ಣ: 1941ರ ಕನ್ವರ್ಟಿಬಲ್ ರೋಡ್‌ಸ್ಟರ್ ಕ್ಲಾಸಿಗೆ ಬರುತ್ತಾ?

ವೇಗಿ: ನಾನು ಎಫ್‌ಐಎ (ಅಂತರರಾಷ್ಟ್ರೀಯ ಮೋಟಾರು ಒಕ್ಕೂಟ) ನಿಯಮ ಹೇಳಿದ್ದು. ಓದೋಕೆ ಬರಲ್ವಾ?

ಇಂಜಿನ್ ಬಿಲ್ಡರ್: ಒಬ್ಬರು ಎಫ್‌ಐಎ, ಒಬ್ಬರು ಎಸ್‌ಸಿಟಿಎ. ಎರಡೂ ಸರಿ, ಎರಡೂ ಬೇರೆ. ಸಾಕು.

ಮೈಲೇಜ್ ಮಿತ್ರ: ಫಾರ್ವರ್ಡ್ ಬಂದಿತ್ತು: ಟ್ಯಾಂಕಿಗೆ ನುಸಿಗುಳಿಗೆ ಹಾಕಿದರೆ ಆಕ್ಟೇನ್ ಏರುತ್ತೆ, ಯಾವ ಟೆಸ್ಟಿನಲ್ಲೂ ಸಿಗಲ್ಲ. ಹತ್ತು ಜನಕ್ಕೆ ಕಳಿಸಿ ಅಂತಲೂ ಇತ್ತು, ಇಲ್ಲಿ ಹಾಕಿದೆ.

ಇಂಜಿನ್ ಬಿಲ್ಡರ್: ದಯವಿಟ್ಟು ಅಳಿಸಿ. ಗ್ಯಾಸ್ ಕ್ಲಾಸಿನಲ್ಲಿ ಪೆಟ್ರೋಲ್ ಅಲ್ಲೇ ಕೊಳ್ಳಬೇಕು, ತುಂಬಿಸಿದ ಮೇಲೆ ಟ್ಯಾಂಕಿಗೆ ಸೀಲ್ ಬೀಳುತ್ತೆ. ಏನೇ ಬೆರೆಸಿದರೂ ನೀವು ಗ್ಯಾಸ್ ಕ್ಲಾಸಿನಲ್ಲಿ ಇಲ್ಲ. ಹಿಂದೆ ಗುಳಿಗೆ ಅಂದರೆ ನ್ಯಾಫ್ತಲೀನ್. ಈಗ ಎಷ್ಟೋ ಗುಳಿಗೆಗಳಲ್ಲಿರುವುದು ಡೈಕ್ಲೋರೋಬೆಂಜೀನ್, ಅದು ಉರಿದರೆ ಹೈಡ್ರೋಕ್ಲೋರಿಕ್ ಆಮ್ಲ. ವಾಲ್ವ್ ಸೀಟಿಗೆ ಆಮ್ಲ ಕುಡಿಸಬೇಕಾ? ಇಂಥದ್ದನ್ನು ಓದದೆ ಮುಂದಕ್ಕೆ ತಳ್ಳುವವರ ಕೈಯಲ್ಲೇ ಇನ್ನೊಬ್ಬರ ಇಂಜಿನ್ ಹಾಳಾಗುವುದು.

ಮೈಲೇಜ್ ಮಿತ್ರ: ಕೇಳಿದ್ದಕ್ಕೆ ಇಷ್ಟು ಕೋಪ ಯಾಕೆ?

ಗಾಳಿಪಟ: ನೈಟ್ರಸ್?

ಇಂಜಿನ್ ಬಿಲ್ಡರ್: ಫ್ಯೂಯೆಲ್ ಕ್ಲಾಸ್, ಗ್ಯಾಸ್ ಅಲ್ಲ.

ಹೊಸಬ2: ಸಣ್ಣ ಟರ್ಬೊ ಆದರೂ ಕ್ಲಾಸ್ ಬದಲಾಗುತ್ತಾ?

ಇಂಜಿನ್ ಬಿಲ್ಡರ್: ಮೇಲೆ ಓದಿ.

ಹಳೇಕೂಪೆ: ನಾನು ಗಂಟೆಗೆ 130 ಮೈಲಿ ಮೀರಲ್ಲ. ರೋಲ್ ಕೇಜಿಗೆ (ಗಾಡಿ ಮಗುಚಿದರೆ ಚಾಲಕನನ್ನು ಕಾಯುವ ಪಂಜರ) ಎಕ್ಸಾಸ್ಟ್ ಪೈಪ್ ಬಗ್ಗಿಸಿ ಮಾಡಿದ್ದು ಸಾಕಾಗುತ್ತಾ? ನೋಡೋಕೆ ಅದೇ ಗಾತ್ರ.

ಮೈಲೇಜ್ ಮಿತ್ರ: ಪೇಂಟ್ ಹೊಡೆದರೆ ಗೊತ್ತಾಗಲ್ಲ ಬಿಡಿ.

ಇಂಜಿನ್ ಬಿಲ್ಡರ್: ಮೈಲೇಜ್ ಮಿತ್ರ, ಈ ವಿಷಯದಲ್ಲಿ ಇನ್ನೊಂದು ಅಕ್ಷರ ಬರೆಯಬೇಡಿ. ಹಳೇಕೂಪೆ, ಆ ಕೇಜನ್ನು ಕತ್ತರಿಸಿ ತೆಗೆಯಿರಿ. 1.625 ಇಂಚು ಹೊರವ್ಯಾಸ, 0.120 ಇಂಚು ಗೋಡೆ ದಪ್ಪದ ಉಕ್ಕಿನ ಟ್ಯೂಬ್ ಬೇಕು. ಎಕ್ಸಾಸ್ಟ್ ಪೈಪಿನ ಗೋಡೆ ಸಾಮಾನ್ಯವಾಗಿ ಅದರ ಅರ್ಧದ ಆಸುಪಾಸು. ಹೊರಗಿಂದ ಎರಡೂ ಒಂದೇ, ಮಗುಚಿದಾಗ ಒಂದು ಮಾತ್ರ ನಿಲ್ಲುತ್ತೆ. ಉಪ್ಪಿನ ಮೇಲೆ ಹಿಂಚಕ್ರ ಜಾರಿ ಗಾಡಿ ಅಡ್ಡ ತಿರುಗೋಕೆ 130 ಧಾರಾಳ ಸಾಕು. ಹೊಸ ಕೇಜ್ ಬೆಸುಗೆ ಹಾಕುವ ಮೊದಲು ಹೆಲ್ಮೆಟ್ ಹಾಕಿಕೊಂಡು, ಬೆಲ್ಟ್ ಬಿಗಿದು ಸೀಟಿನಲ್ಲಿ ಕೂತು ತಲೆ ಎಲ್ಲೆಲ್ಲಿ ತಾಗುತ್ತೆ ನೋಡಿ, ಅಲ್ಲಿ ಪ್ಯಾಡಿಂಗ್ ಬರಬೇಕು. ಪೂರ್ತಿ ಉಡುಪು ತೊಟ್ಟು, ಯಾರ ಸಹಾಯವೂ ಇಲ್ಲದೆ ಹೊರಗೆ ಬರುವುದನ್ನು ತಪಾಸಣೆಯಲ್ಲಿ ಮಾಡಿ ತೋರಿಸಬೇಕು, ಅದನ್ನು ಮನೆಯಲ್ಲೇ ಅಭ್ಯಾಸ ಮಾಡಿ. ಟ್ಯೂಬ್ ತಂದಮೇಲೆ ತುದಿಯ ಫೋಟೊ ಹಾಕಿ, ಗೋಡೆಯ ದಪ್ಪ ಕಾಣಬೇಕು.

ಹಳೇಕೂಪೆ: ಕೇಜ್ ಮಾಡಿಸಿದ ದುಡ್ಡು ಹೋಯ್ತಲ್ಲ.

ಇಂಜಿನ್ ಬಿಲ್ಡರ್: ಹೋಗಲಿ. ಫೋಟೊ ಹಾಕಿ.

ರೋಡ್‌ಸ್ಟರ್ ಅಣ್ಣ: ನನ್ನ ಪ್ರಶ್ನೆ ಯಾರೂ ನೋಡಲಿಲ್ಲವಾ?