ಸೊಲಾರಿಸ್‌ಗೆ ಬರೆದ ಕ್ಲೋಸ್ಡ್ ಫೈಲ್ ಸಿಸ್ಟಮ್ ಫ್ರೀಬಿಎಸ್‌ಡಿಗೆ ತರ್ತಾ ಇದ್ದೇನೆ, ಎರಡು ಕಡೆಯಿಂದ ಬರೆದ್ರೆ ಹ್ಯಾಂಗ್ ಆಗ್ತದೆ, ಯಾರಾದ್ರೂ ದಾರಿ ಹೇಳಿ

ಪಾಲಿಬೆಟ್ಟ_ಪೋರ್ಟ್:

ಎಲ್ರಿಗೂ ನಮಸ್ಕಾರ. ನಾನು ಪಾಲಿಬೆಟ್ಟದಲ್ಲಿ ಮನೆಯಿಂದ್ಲೇ ಕೆಲಸ ಮಾಡೋದು, ಕಂಪನಿ ಬೆಂಗ್ಳೂರಿಂದು, ಹೆಸರು ಇಲ್ಲಿ ಬೇಡ. ನಮ್ದೊಂದು ಹಳೇ ಡಿಸ್ಟ್ರಿಬ್ಯೂಟೆಡ್ ಫೈಲ್ ಸಿಸ್ಟಮ್ (ಸರ್ವರಲ್ಲಿರೋ ಫೈಲನ್ನ ಹಲವು ಮೆಷಿನ್‌ಗಳು ಹಂಚಿಕೊಳ್ಳೋ ವ್ಯವಸ್ಥೆ) ಉಂಟು, ಸೋರ್ಸ್ ಹೊರಗೆ ಬಿಡೋದಿಲ್ಲ, ಮೊದ್ಲು ಸನ್ ಕಂಪನಿಯ ಯುನಿಕ್ಸ್ ಆದ ಸೊಲಾರಿಸ್‌ಗೆ ಬರ್ದಿದ್ದು, ಆಮೇಲೆ ಯಾರೋ ಲಿನಕ್ಸ್‌ಗೂ ತಂದು ಅಲ್ಲಲ್ಲಿ ಇಫ್‌ಡೆಫ್ (ಓಎಸ್‌ಗೆ ತಕ್ಕ ಹಾಗೆ ಕೋಡ್ ಆರಿಸೋ ಸಾಲು) ತುಂಬಿಸಿ ಬಿಟ್ಟುಹೋಗಿದ್ದಾರೆ. ಈಗ ಕಸ್ಟಮರ್ ಒಬ್ರು ಫ್ರೀಬಿಎಸ್‌ಡಿಗೆ (ಇನ್ನೊಂದು ಯುನಿಕ್ಸ್ ಜಾತಿಯ ಓಎಸ್) ಬೇಕು ಅಂದಿದ್ದಾರೆ. ಸರ್ವರ್ ಕಡೆ ಎಲ್ಲ ಯೂಸರ್‌ಸ್ಪೇಸಲ್ಲೇ (ಮಾಮೂಲಿ ಪ್ರೋಗ್ರಾಮ್ ಥರ, ಕರ್ನಲ್ ಹೊರಗೆ) ಓಡೋದ್ರಿಂದ ಅದು ಫ್ರೀಬಿಎಸ್‌ಡಿ 14ರಲ್ಲಿ ಹೆಚ್ಚು ತರ್ಲೆ ಮಾಡದೆ ಕಂಪೈಲ್ ಆಯ್ತು. ಕ್ಲೈಂಟ್ ಮಾತ್ರ ಕರ್ನಲ್ ಮಾಡ್ಯೂಲ್ (ಓಎಸ್‌ನ ತಿರುಳಿನೊಳಗೆ ಲೋಡ್ ಆಗೋ ಕೋಡ್), ಅಲ್ಲೇ ಸಿಕ್ಕಿಹಾಕಿಕೊಂಡಿರೋದು.

ಕೆಲಸ ಮಾಡೋ ರೀತಿ ಹೆಚ್ಚುಕಮ್ಮಿ ಎಎಫ್‌ಎಸ್ ಅನ್ನೋ ಹಳೇ ನೆಟ್‌ವರ್ಕ್ ಫೈಲ್ ಸಿಸ್ಟಮ್ ಥರಾನೇ. ಕ್ಲೈಂಟ್ ಫೈಲನ್ನ ತುಂಡುತುಂಡಾಗಿ ತಂದು ಲೋಕಲ್ ಡಿಸ್ಕಲ್ಲಿ ಕ್ಯಾಶ್ ಇಟ್ಕೊಳ್ತದೆ, ಬೇರೆ ಯಾರಾದ್ರೂ ಬರೆದ್ರೆ ಸರ್ವರೇ ಕಾಲ್‌ಬ್ಯಾಕ್ ಕಳ್ಸಿ ನಿನ್ನತ್ರ ಇರೋದು ಹಳೇದಾಯ್ತು ಅಂತ ಹೇಳ್ತದೆ. ಮೌಂಟ್ ಆಗ್ತದೆ, ಎಲ್‌ಎಸ್ ಬರ್ತದೆ, ಓದೋದೂ ಸರಿ. ಆದ್ರೆ ಎರಡು ಕ್ಲೈಂಟ್‌ಗಳಿಂದ ಒಂದೇ ಫೈಲ್‌ಗೆ ಬರೆದ್ರೆ ಸ್ವಲ್ಪ ಹೊತ್ತಿಗೆ ಎರಡೂ ಕಡೆ ಪ್ರಾಸೆಸ್ ಡಿ ಸ್ಟೇಟಿಗೆ (ಕರ್ನಲ್ ಒಳಗೆ ಕಾಯೋ ಸ್ಥಿತಿ) ಹೋಗಿ ಕೂತುಬಿಡ್ತದೆ, ಕಿಲ್ ಮಾಡಿದ್ರೂ ಏಳೋದಿಲ್ಲ, ರೀಬೂಟೇ ಗತಿ. ಮ್ಯಾನೇಜರ್ ಕೇಳಿದ್ರೆ ಅದೂ ಯುನಿಕ್ಸು ಇದೂ ಯುನಿಕ್ಸು, ರೀಕಂಪೈಲ್ ಮಾಡೋಕೆ ಇಷ್ಟು ದಿನ ಯಾಕೆ ಅಂತಾರೆ. ಇದನ್ನೇ ಸರಿ ಮಾಡೋದಾ, ಇಲ್ಲ ಎಲ್ಲ ಬಿಟ್ಟು ಫ್ಯೂಸ್‌ಗೆ (ಫೈಲ್ ಸಿಸ್ಟಮನ್ನ ಕರ್ನಲ್ ಹೊರಗೆ ಓಡಿಸೋ ವ್ಯವಸ್ಥೆ) ಹೋಗೋದಾ?

ಮಂಜಿನ_ಮಡಿಕೇರಿ:

ನಿಮ್ಮ ಮ್ಯಾನೇಜರ್‌ಗೆ ಒಂದು ಮಾತು ಹೇಳಿ, ವಿನೋಡ್ (ಕರ್ನಲ್ ಒಳಗೆ ಒಂದು ಫೈಲನ್ನ ಪ್ರತಿನಿಧಿಸೋ ವಸ್ತು) ಅನ್ನೋ ಹೆಸರು ಮಾತ್ರ ಎರಡೂ ಕಡೆ ಒಂದೇ. 1980ರ ದಶಕದಲ್ಲಿ ಸನ್‌ನವ್ರು ಎನ್‌ಎಫ್‌ಎಸ್ ಅನ್ನೋ ತಮ್ಮ ನೆಟ್‌ವರ್ಕ್ ಫೈಲ್ ಸಿಸ್ಟಮ್‌ಗೋಸ್ಕರ ಮಾಡಿದ್ದನ್ನ ಬಿಎಸ್‌ಡಿಯವ್ರು ತಮ್ಮದೇ ರೀತಿಲಿ ಮಾಡ್ಕೊಂಡ್ರು, ಒಳಗಿನ ಲಾಕಿಂಗ್ ಪೂರ್ತಿ ಬೇರೆ. ಸೊಲಾರಿಸ್‌ನಲ್ಲಿ ನಿಮ್ಮ ಲುಕಪ್‌ಗೆ (ಹೆಸರಿಂದ ಫೈಲ್ ಹುಡುಕೋ ಫಂಕ್ಷನ್) ವಿನೋಡ್ ಬರೋವಾಗ ಬರೀ ರೆಫರೆನ್ಸ್ ಹಿಡಿದಿರ್ತದೆ, ಲಾಕ್ ನಿಮ್ಮ ಫೈಲ್ ಸಿಸ್ಟಮ್ ಜವಾಬ್ದಾರಿ. ಫ್ರೀಬಿಎಸ್‌ಡಿಲಿ ವಿಎಫ್‌ಎಸ್ಸೇ (ಎಲ್ಲ ಫೈಲ್ ಸಿಸ್ಟಮ್‌ಗೂ ಮೇಲಿರೋ ಕರ್ನಲ್ ಪದರ) ಮೊದ್ಲು ವಿನೋಡ್ ಲಾಕ್ ಹಾಕಿ ಆಮೇಲೆ ನಿಮ್ಮನ್ನ ಕರೀತದೆ. ಲುಕಪ್‌ಗೆ ಡೈರೆಕ್ಟರಿ ಲಾಕ್ ಆಗೇ ಬರ್ತದೆ, ಮಗು ವಿನೋಡನ್ನೂ ಲಾಕ್ ಮಾಡೇ ಹಿಂದೆ ಕೊಡ್ಬೇಕು, ಡಾಟ್‌ಡಾಟ್ (ಮೇಲಿನ ಡೈರೆಕ್ಟರಿ) ಬಂದ್ರೆ ಇನ್ನೂ ಕಷ್ಟ, ಕೆಳಗಿಂದು ಬಿಟ್ಟು ಮೇಲಿಂದು ಹಿಡಿದು ಮತ್ತೆ ಕೆಳಗಿಂದು ಹಿಡೀಬೇಕು, ಆ ಮಧ್ಯೆ ಯಾರಾದ್ರೂ ಅದನ್ನ ಡಿಲೀಟ್ ಮಾಡಿದ್ರಾ ಅಂತ ನೋಡ್ಬೇಕು.

ಈಗ ನಿಮ್ಮ ಹ್ಯಾಂಗ್. ಊಹೆ ಅಂತಾನೇ ಇಟ್ಕೊಳ್ಳಿ ಆದ್ರೆ ಇದು ಈ ಜಾತಿಯ ಫೈಲ್ ಸಿಸ್ಟಮ್‌ಗಳಿಗೆ ಬರೋ ಕಾಯಿಲೆನೇ. ಒಂದನೇ ಕ್ಲೈಂಟ್ ಬರೀತದೆ, ಸರ್ವರ್ ಆ ಫೈಲನ್ನ ತನ್ನ ಕಡೆ ಲಾಕ್ ಮಾಡಿ ಎರಡನೇ ಕ್ಲೈಂಟ್‌ಗೆ ಕಾಲ್‌ಬ್ಯಾಕ್ ಕಳಿಸ್ತದೆ, ಉತ್ತರ ಬರೋ ತನಕ ಕಾಯ್ತದೆ. ಅಲ್ಲಿ ಎರಡನೇ ಕ್ಲೈಂಟೂ ಅದೇ ಫೈಲ್‌ಗೆ ಬರೀತಾ ಉಂಟು, ವಿನೋಡ್ ಲಾಕ್ ಎಕ್ಸ್‌ಕ್ಲೂಸಿವ್ ಆಗಿ ಹಿಡ್ಕೊಂಡು ಸರ್ವರ್ ಉತ್ತರಕ್ಕೆ ಕಾಯ್ತಾ ಕೂತಿದೆ. ಕಾಲ್‌ಬ್ಯಾಕ್ ಥ್ರೆಡ್ ಬಂದು ಹಳೇ ಪೇಜ್ (ಮೆಮೊರಿಲಿರೋ ಫೈಲ್ ತುಂಡು) ಬಿಸಾಡ್ಲಿಕ್ಕೆ ಅದೇ ವಿನೋಡ್ ಲಾಕ್ ಕೇಳ್ತದೆ. ಸಿಗೋದಿಲ್ಲ. ಮುಗೀತು, ಮೂರು ಜನರೂ ಒಬ್ಬರ ಮುಖ ಒಬ್ಬರು ನೋಡ್ಕೊಂಡು ನಿಂತ್ರು. ಸೊಲಾರಿಸ್‌ನಲ್ಲಿ ಇದು ಯಾಕೆ ಕಾಣಿಸ್ಲಿಲ್ಲ ಅಂದ್ರೆ ಅಲ್ಲಿ ಆರ್‌ಪಿಸಿ (ಸರ್ವರ್‌ಗೆ ಕಳಿಸೋ ಕೋರಿಕೆ) ಕರೆಯೋ ಮೊದ್ಲು ನಿಮ್ಮ ಹಳೇ ಕೋಡ್ ತನ್ನ ಲಾಕ್ ತಾನೇ ಬಿಡ್ತಿತ್ತು ಇರ್ಬೇಕು, ಇಲ್ಲಿ ಮೇಲಿನವ್ರು ಹಾಕಿದ ಲಾಕ್ ಬಿಡ್ಲಿಕ್ಕೆ ಬರೋದಿಲ್ಲ.

ಕಾಲ್‌ಬ್ಯಾಕ್ ಹ್ಯಾಂಡ್ಲರ್‌ನಲ್ಲಿ ವಿನೋಡ್ ಲಾಕ್ ಮುಟ್ಟಲೇಬೇಡಿ. ಒಂದು ಸಣ್ಣ ಮ್ಯೂಟೆಕ್ಸ್ (ಸರಳ ಲಾಕ್) ಹಿಡಿದು "ಹಳೇದು" ಅಂತ ಫ್ಲ್ಯಾಗ್ ಹಾಕಿ ತಕ್ಷಣ ಸರ್ವರ್‌ಗೆ ಉತ್ತರ ಕೊಡಿ, ಪೇಜ್ ತೆಗೆಯೋದನ್ನ ಮುಂದಿನ ಆಕ್ಸೆಸ್‌ನಲ್ಲೋ ಒಂದು ಟಾಸ್ಕ್‌ಕ್ಯೂನಲ್ಲೋ (ಹಿನ್ನೆಲೆಯಲ್ಲಿ ಓಡೋ ಕೆಲಸದ ಸಾಲು) ಮಾಡಿ. ಇನ್ನೊಂದು, ಫೆಚ್‌ಗೆ ಉತ್ತರ ಬರೋ ಮೊದ್ಲೇ ಅದೇ ಫೈಲ್‌ನ ಕಾಲ್‌ಬ್ಯಾಕ್ ಬಂದುಬಿಡೋದೂ ಉಂಟು, ಆಗ ಫ್ಲ್ಯಾಗ್ ಅಳಿಸಿ ಹೋಗಿ ಹಳೇ ಡೇಟಾನೇ ಹೊಸದು ಅಂತ ನಂಬ್ತೀರಿ. ಅದಕ್ಕೆ ಒಂದು ಕೌಂಟರ್ ಇಡಿ, ಆರ್‌ಪಿಸಿ ಶುರುವಿಗೆ ಬರ್ಕೊಳ್ಳಿ, ಉತ್ತರ ಬಂದ್ಮೇಲೆ ಹೋಲಿಸಿ. ಲಿನಕ್ಸ್ ಕರ್ನಲ್ ಒಳಗಿರೋ ಎಎಫ್‌ಎಸ್ ಕ್ಲೈಂಟೂ ಹೀಗೇ ಮಾಡೋದು. ಟೆಸ್ಟ್ ಕರ್ನಲ್‌ನ ವಿಟ್ನೆಸ್, ಇನ್‌ವೇರಿಯಂಟ್ಸ್ ಅನ್ನೋ ತಪಾಸಣೆ ಆಯ್ಕೆಗಳನ್ನ ಹಾಕಿ ಬಿಲ್ಡ್ ಮಾಡಿ, ನಿಧಾನ ಆಗ್ತದೆ ಆದ್ರೆ ಲಾಕ್ ಆರ್ಡರ್ ತಪ್ಪಿದ ಜಾಗ ಅದೇ ತೋರಿಸಿಕೊಡ್ತದೆ.

ಕುಶಾಲನಗರ_ಕ್ಲಸ್ಟರ್:

ಅಣ್ಣ ಹೇಳಿದ್ದು ಸರಿ ಆದ್ರೆ ನಾನಾಗಿದ್ರೆ ಮೊದ್ಲು ಫ್ಯೂಸ್‌ನಲ್ಲೇ ಮಾಡ್ತಿದ್ದೆ. ಫ್ರೀಬಿಎಸ್‌ಡಿ 10ರಿಂದ ಅದು ಬೇಸ್‌ನಲ್ಲೇ ಇದೆ, 12.1ರಲ್ಲಿ ಪ್ರೋಟೋಕಾಲ್ 7.8ರಿಂದ 7.23ಕ್ಕೆ ಏರಿಸಿದ್ರು, ಅದ್ರಿಂದ ಕ್ಯಾಶ್ ಇನ್‌ವ್ಯಾಲಿಡೇಟ್ ಮಾಡು ಅಂತ ಡೀಮನ್ (ಹಿನ್ನೆಲೆಯಲ್ಲಿ ಓಡೋ ಪ್ರೋಗ್ರಾಮ್) ಕಡೆಯಿಂದ ಕರ್ನಲ್‌ಗೆ ಹೇಳ್ಬಹುದು, ಕಾಲ್‌ಬ್ಯಾಕ್‌ಗೆ ಬೇಕಾಗಿರೋದು ಅದೇ ತಾನೇ. ಕ್ರ್ಯಾಶ್ ಆದ್ರೆ ಡೀಮನ್ ಸಾಯುತ್ತೆ ಅಷ್ಟೇ, ಮೆಷಿನ್ ಉಳಿಯುತ್ತೆ, ಜಿಡಿಬಿ ಡಿಬಗ್ಗರ್ ಹಾಕಿ ನೋಡ್ಬಹುದು. ಪ್ರತಿ ಮೇಜರ್ ರಿಲೀಸ್‌ಗೂ ಮಾಡ್ಯೂಲ್ ಹೊಸದಾಗಿ ಬಿಲ್ಡ್ ಮಾಡೋ ಗೋಳೂ ಇಲ್ಲ, 13ಕ್ಕೆ ಮಾಡಿದ್ದು 14ರಲ್ಲಿ ಲೋಡ್ ಆಗಲ್ಲ ಗೊತ್ತಲ್ಲ.

ಸ್ಪೀಡ್ ಕಮ್ಮಿ ಆಗುತ್ತೆ, ಹೌದು, ಸಣ್ಣ ಸಣ್ಣ ಫೈಲ್ ಸಾವಿರಗಟ್ಟಲೆ ಇದ್ರೆ ತುಂಬಾನೇ ಕಮ್ಮಿ ಆಗುತ್ತೆ. ಆದ್ರೆ ಕಸ್ಟಮರ್ ಏನು ಇಡ್ತಾರೆ ಅಂತ ಕೇಳಿದ್ರಾ? ದೊಡ್ಡ ಫೈಲ್ ಆದ್ರೆ ಅವ್ರಿಗೆ ವ್ಯತ್ಯಾಸಾನೇ ಗೊತ್ತಾಗಲ್ಲ.

ಪಾಲಿಬೆಟ್ಟ_ಪೋರ್ಟ್:

ಸ್ಕ್ಯಾನ್ ಮಾಡಿದ ಇಮೇಜ್ ಅಂತೆ, ಒಂದೊಂದು ಸಣ್ಣದೇ, ಆದ್ರೆ ಲಕ್ಷಗಟ್ಟಲೆ ಉಂಟು. ಒಂದೇ ಡೈರೆಕ್ಟರಿಲಿ ಬೇರೆ.

ಮಂಜಿನ_ಮಡಿಕೇರಿ:

ಹಾಗಾದ್ರೆ ಫ್ಯೂಸ್ ಬೇಡ, ಕರ್ನಲ್‌ನಲ್ಲೇ ಮಾಡಿ. ಆದ್ರೆ ಇನ್ನೊಂದು ಸುತ್ತು ಇಫ್‌ಡೆಫ್ ಹಾಕೋದು ಮಾತ್ರ ಬೇಡ ಮಾರಾಯ್ರೆ. 2007ರಲ್ಲಿ ಝಡ್‌ಎಫ್‌ಎಸ್ ಅನ್ನೋ ಫೈಲ್ ಸಿಸ್ಟಮ್‌ನ ಸೊಲಾರಿಸ್‌ನಿಂದ ಫ್ರೀಬಿಎಸ್‌ಡಿಗೆ ತಂದಾಗ ಮಧ್ಯದಲ್ಲಿ ಒಂದು ಕಾಂಪ್ಯಾಟ್ ಲೇಯರ್ ಇಟ್ರು, ಸೊಲಾರಿಸ್‌ನ ಮ್ಯೂಟೆಕ್ಸ್, ಮೆಮೊರಿ ಅಲೊಕೇಷನ್ ಎಲ್ಲ ಅಲ್ಲೇ ಅನುವಾದ ಆಗ್ತದೆ, ಮುಖ್ಯ ಕೋಡ್ ಹೆಚ್ಚು ಮುಟ್ಟಬೇಕಾಗಿ ಬರ್ಲಿಲ್ಲ. ವಿನೋಡ್‌ಗೆ ತಾಗೋ ಫೈಲ್ ಮಾತ್ರ ಬೇರೆ ಬರೆದ್ರು. ಆ ವಿನೋಡ್ ಆಪ್ಸ್ ಫೈಲ್ ತೆಗೆದು ಓದಿ, ನಿಮ್ಗೆ ಬೇಕಾದ ಅರ್ಧ ಉತ್ತರ ಅಲ್ಲುಂಟು.

ವಿರಾಜಪೇಟೆ_ಅಕ್ಕ:

ಓದಿ ಅಂತೀರಲ್ಲ, ಓದಿ ತೊಂದ್ರೆ ಇಲ್ಲ, ಆದ್ರೆ ಕಾಪಿ ಪೇಸ್ಟ್ ಮಾಡೋ ಮೊದ್ಲು ಸ್ವಲ್ಪ ನಿಲ್ಲಿ. ಝಡ್‌ಎಫ್‌ಎಸ್ ಕೋಡ್ ಸಿಡಿಡಿಎಲ್ ಲೈಸೆನ್ಸ್, ಆ ಫೈಲ್ ತಿದ್ದಿ ಕೊಟ್ರೆ ತಿದ್ದಿದ ಫೈಲ್‌ನ ಸೋರ್ಸೂ ಕೊಡ್ಬೇಕು, ನಿಮ್ಮ ಕಂಪನಿಗೆ ಅದು ಒಪ್ಪಿಗೆನಾ? ಬಿಎಸ್‌ಡಿ ಲೈಸೆನ್ಸ್ ಇರೋ ಭಾಗದಿಂದ ತಗೊಂಡ್ರೆ ಕಾಪಿರೈಟ್ ನೋಟಿಸ್ ಇಟ್ರೆ ಸಾಕು, ಬೈನರಿ ಮಾತ್ರ ಕೊಟ್ರೂ ಯಾರೂ ಕೇಳೋದಿಲ್ಲ. ಆ ದೃಷ್ಟಿಲಿ ಫ್ರೀಬಿಎಸ್‌ಡಿ ಕೇಳಿದ ಕಸ್ಟಮರ್ ನಿಮ್ಗೆ ಉಪಕಾರಾನೇ ಮಾಡಿದ್ದಾರೆ.

ಭಯ ಇರೋದು ಆ ಅರ್ಧಂಬರ್ಧ ಲಿನಕ್ಸ್ ಪೋರ್ಟ್ ಮೇಲೆ. ಬೇರೆ ಯುನಿಕ್ಸ್‌ಗೆ ಬರೆದ ಫೈಲ್ ಸಿಸ್ಟಮ್ ಲಿನಕ್ಸ್‌ನಿಂದ ಹುಟ್ಟಿದ್ದು ಅನ್ನೋಕೆ ಆಗಲ್ಲ ಅಂತ ಲಿನಕ್ಸ್ ಶುರು ಮಾಡಿದ ಟೊರ್ವಾಲ್ಡ್ಸ್ ಅವ್ರೇ ಎಎಫ್‌ಎಸ್ ಉದಾಹರಣೆ ಕೊಟ್ಟು ಹೇಳಿದ್ದುಂಟು. ಆದ್ರೆ ಅದು ಮೂಲ ಕೋಡ್‌ಗೆ. ಆಮೇಲೆ ಬಂದವ್ರು ಕರ್ನಲ್ ಸೋರ್ಸ್‌ನಿಂದ ಒಂದಿಷ್ಟು ಫಂಕ್ಷನ್ ಎತ್ತಿ ಒಳಗೆ ಹಾಕಿದ್ರೆ ಅದು ಜಿಪಿಎಲ್ (ಹಂಚಿದ್ರೆ ಸೋರ್ಸ್ ಕೊಡಲೇಬೇಕಾದ ಲೈಸೆನ್ಸ್), ಅದೇ ಫೈಲ್ ಈಗ ನೀವು ಫ್ರೀಬಿಎಸ್‌ಡಿಗೆ ತರ್ತೀರಿ. ಪೋರ್ಟಿಂಗ್ ಅನ್ನೋರು ಯಾರೂ ಇದನ್ನ ಮೊದ್ಲು ನೋಡೋದೇ ಇಲ್ಲ, ನನಗೆ ಸಿಟ್ಟು ಬರೋದು ಅಲ್ಲಿ. ಹಳೇ ಸೊಲಾರಿಸ್ ಹೆಡರ್ ಏನಾದ್ರೂ ಟ್ರೀ ಒಳಗೆ ಇಟ್ಕೊಂಡಿದ್ದಾರಾ ಅದೂ ನೋಡಿ. ಲೀಗಲ್‌ನವ್ರಿಗೆ ಒಂದು ಮೇಲ್ ಹಾಕಿ ಉತ್ತರ ಬರಹದಲ್ಲಿ ತಗೊಳ್ಳಿ, ಫೋನಲ್ಲಿ ಬೇಡ.

ಕೋರ್ ಕ್ಲೋಸ್ಡ್ ಇಟ್ಟು ತೆಳ್ಳಗಿನ ಲೇಯರ್ ಮಾತ್ರ ಸೋರ್ಸ್ ಕೊಡೋ ಪದ್ಧತಿನೂ ಉಂಟು, ಐಬಿಎಂನವ್ರು ಜಿಪಿಎಫ್‌ಎಸ್ ಅನ್ನೋ ತಮ್ಮ ಫೈಲ್ ಸಿಸ್ಟಮ್‌ಗೆ ಲಿನಕ್ಸ್‌ನಲ್ಲಿ ಹಾಗೇ ಮಾಡಿದ್ದು, ಆ ಪೋರ್ಟಬಿಲಿಟಿ ಲೇಯರ್‌ನ ಕಸ್ಟಮರ್ ತನ್ನ ಕರ್ನಲ್‌ಗೆ ತಾನೇ ಬಿಲ್ಡ್ ಮಾಡ್ಕೊಳ್ತಾರೆ. ಅಣ್ಣ ಹೇಳಿದ ಕಾಂಪ್ಯಾಟ್ ಲೇಯರ್ ನೀವೇ ಹೊಸದಾಗಿ ಬರೆದ್ರೆ ಅದನ್ನೇ ಬಿಎಸ್‌ಡಿ ಲೈಸೆನ್ಸ್‌ಲಿ ಬಿಡಬಹುದು, ಮುಂದಿನ ರಿಲೀಸ್‌ಗೆ ತಾಗೋದೂ ಅದೇ ಭಾಗ ತಾನೇ.

ನಾಪೋಕ್ಲು_ನೆಟ್:

ನೀವೆಲ್ಲ ಲಾಕ್, ಲೈಸೆನ್ಸ್ ಅಂತ ಮಾತಾಡ್ತಾ ಇದ್ದೀರಿ, ಪಾಲಿಬೆಟ್ಟದಲ್ಲಿ ಕೂತು ಟೆಸ್ಟ್ ಮಾಡೋರಿಗೆ ನೆಟ್‌ವರ್ಕ್ ಬಗ್ಗೆ ಯಾರೂ ಹೇಳ್ಲೇ ಇಲ್ಲ. ಮನೆಯಿಂದ ಬೆಂಗ್ಳೂರು ಸರ್ವರ್‌ಗೆ ಮೌಂಟ್ ಮಾಡಿದ್ರೆ ಮಧ್ಯ ನ್ಯಾಟ್ (ರೂಟರ್‌ನಲ್ಲಿ ವಿಳಾಸ ಬದಲಿಸೋ ವ್ಯವಸ್ಥೆ) ಉಂಟು, ಮೊಬೈಲ್ ಡೇಟಾ ಆದ್ರೆ ಎರಡೆರಡು. ಕಾಲ್‌ಬ್ಯಾಕ್ ಯುಡಿಪಿಲಿ (ಕನೆಕ್ಷನ್ ಇಲ್ಲದೆ ಪ್ಯಾಕೆಟ್ ಕಳಿಸೋ ರೀತಿ) ಬರೋದಾದ್ರೆ ಸ್ವಲ್ಪ ಹೊತ್ತು ನೀವು ಏನೂ ಕಳಿಸ್ದೆ ಸುಮ್ನೆ ಇದ್ರೆ ನ್ಯಾಟ್ ಆ ದಾರಿ ಮುಚ್ಚಿಬಿಡ್ತದೆ. ಎರಡು ನಿಮಿಷಕ್ಕಿಂತ ಬೇಗ ಮುಚ್ಚಬಾರ್ದು ಅಂತ ಇಂಟರ್ನೆಟ್ ನಿಯಮಗಳ ದಾಖಲೆ ಆರ್‌ಎಫ್‌ಸಿ 4787 ಹೇಳ್ತದೆ, ಆದ್ರೆ ಲಿನಕ್ಸ್ ಹಾಕಿದ ರೂಟರ್‌ಗಳಲ್ಲಿ ಉತ್ತರ ಬರದ ಯುಡಿಪಿಗೆ 30 ಸೆಕೆಂಡೇ ಡಿಫಾಲ್ಟ್. ಆಮೇಲೆ ಸರ್ವರ್ ಕಾಲ್‌ಬ್ಯಾಕ್ ಕಳಿಸ್ತದೆ, ಅದು ಎಲ್ಲೋ ಬಿದ್ದು ಹೋಗ್ತದೆ, ನಿಮ್ಮ ಕ್ಲೈಂಟ್ ಮಾತ್ರ ಹಳೇ ಫೈಲೇ ಸರಿ ಅಂತ ನೆಮ್ಮದಿಯಾಗಿರ್ತದೆ. ಹ್ಯಾಂಗ್ ಆದ್ರೆ ಕಾಣ್ತದೆ, ಇದು ಕಾಣೋದೂ ಇಲ್ಲ. ಓಪನ್‌ಎಎಫ್‌ಎಸ್‌ನಲ್ಲಿ (ಎಎಫ್‌ಎಸ್‌ನ ಓಪನ್ ಸೋರ್ಸ್ ರೂಪ) ಇದಕ್ಕೆ ಅಂತಾನೇ ಕ್ಲೈಂಟ್ ಆಗಾಗ ಪಿಂಗ್ ಕಳಿಸ್ತಾ ಇರ್ತದೆ. ಎನ್‌ಎಫ್‌ಎಸ್ 4.1ರವ್ರು ಇನ್ನೂ ಚಂದ ಮಾಡಿದ್ರು, ಕ್ಲೈಂಟ್ ತೆಗೆದ ಕನೆಕ್ಷನ್‌ನಲ್ಲೇ ಕಾಲ್‌ಬ್ಯಾಕ್ ಹಿಂದೆ ಬರೋ ಹಾಗೆ. ನಿಮ್ಮ ಪ್ರೋಟೋಕಾಲ್ ನಿಮ್ಮ ಕೈಲೇ ಇರೋದ್ರಿಂದ ಎರಡನೇದು ಮಾಡಿ.

ಹಾಗೆ ಆರ್‌ಪಿಸಿ ಕೋಡ್‌ನಲ್ಲಿ ಟೈಮ್‌ನ ಎಲ್ಲಿ ಬಳಸಿದ್ದಾರೆ ನೋಡಿ. 2021ರ ಜನವರಿ 14, ನಮ್ಮ ಟೈಮಲ್ಲಿ ಮಧ್ಯಾಹ್ನ 1:55, ಯುನಿಕ್ಸ್ ಟೈಮ್‌ನ (1970ರಿಂದ ಎಣಿಸೋ ಸೆಕೆಂಡ್) ಮೇಲಿನ ಬಿಟ್‌ಗಳು ಬದಲಾದ ಕ್ಷಣ. ಅದಾದ್ಮೇಲೆ ಶುರು ಮಾಡಿದ ಓಪನ್‌ಎಎಫ್‌ಎಸ್ 1.8 ಕ್ಲೈಂಟ್‌ಗಳು ಸರ್ವರ್ ಜೊತೆ ಮಾತಾಡೋದೇ ನಿಲ್ಲಿಸಿಬಿಟ್ವು, ಕನೆಕ್ಷನ್ ಐಡಿನ ಟೈಮ್‌ನಿಂದ ಮಾಡ್ತಿದ್ದ ಜಾಗದಲ್ಲಿ ತಪ್ಪಿತ್ತು. 1.8.7 ಬಂದು ಸರಿ ಆಯ್ತು.

ಪ್ಯಾಕೆಟ್ ಬೀಳಿಸಿ ಟೆಸ್ಟ್ ಮಾಡ್ಲಿಕ್ಕೆ ಫ್ರೀಬಿಎಸ್‌ಡಿಲಿ ಡಮ್ಮಿನೆಟ್ ಉಂಟು. ಜುಲೈ ಆದ್ರೆ ಅದೂ ಬೇಡ, ಸಿಲ್ವರ್ ಮರ ಲೈನ್ ಮೇಲೆ ಬಿದ್ರೆ ಕರೆಂಟು, ನೆಟ್ಟು, ಟವರು ಎಲ್ಲ ಒಟ್ಟಿಗೆ ಹೋಗ್ತದೆ 😀

ಪಾಲಿಬೆಟ್ಟ_ಪೋರ್ಟ್:

ಎಲ್ರಿಗೂ ಥ್ಯಾಂಕ್ಸ್. ಅಕ್ಕ, ಲೀಗಲ್‌ಗೆ ಮೇಲ್ ಹಾಕಿದೆ. ಕಾಲ್‌ಬ್ಯಾಕ್‌ನಲ್ಲಿ ವಿನೋಡ್ ಲಾಕ್ ಹಿಡಿಯೋದನ್ನ ಬಿಟ್ಟು ಫ್ಲ್ಯಾಗ್ ಮಾತ್ರ ಹಾಕಿದೆ, ನಿನ್ನೆ ರಾತ್ರಿಯಿಡೀ ಎರಡೂ ಕ್ಲೈಂಟ್ ಬರೀತಾ ಇತ್ತು, ಹ್ಯಾಂಗ್ ಆಗ್ಲಿಲ್ಲ. ಈಗ ಒಂದೇ ಕ್ಲೈಂಟ್‌ನಲ್ಲಿ ಎಫ್‌ಎಸ್‌ಎಕ್ಸ್ (ಫೈಲ್ ಸಿಸ್ಟಮ್ ಪರೀಕ್ಷಿಸೋ ಪ್ರೋಗ್ರಾಮ್) ಓಡಿಸಿದ್ರೆ ಸ್ವಲ್ಪ ಹೊತ್ತಿಗೆ ನಿಲ್ತದೆ, ಮ್ಯಾಪ್ಡ್ ರೀಡ್, ನಾನ್ ಝೀರೋ ಡೇಟಾ ಪಾಸ್ಟ್ ಇಒಎಫ್ (ಫೈಲ್ ಮುಗಿದ ಮೇಲೂ ಸೊನ್ನೆಯಲ್ಲದ ಡೇಟಾ) ಅಂತ ಬರ್ತದೆ. ಎಂಮ್ಯಾಪ್ (ಫೈಲನ್ನ ಮೆಮೊರಿಗೆ ಜೋಡಿಸಿ ಬಳಸೋದು) ಓದು ಬರಹ ಎರಡೂ ಆಫ್ ಮಾಡಿದ್ರೆ ಪಾಸ್.

ಮಂಜಿನ_ಮಡಿಕೇರಿ:

ಹಾಗಾದ್ರೆ ಟ್ರಂಕೇಟ್ ನೋಡಿ. ಫೈಲ್ ಚಿಕ್ಕದು ಮಾಡುವಾಗ ನಿಮ್ಮ ಸ್ಟ್ರಕ್ಚರ್‌ನಲ್ಲಿ ಮಾತ್ರ ಸೈಜ್ ಬದಲಾಯಿಸಿ ಕರ್ನಲ್‌ನ ವಿಎಂಗೆ (ಮೆಮೊರಿ ನೋಡ್ಕೊಳ್ಳೋ ಭಾಗ) ಹೇಳ್ತಾ ಇಲ್ಲ ಅನ್ಸುತ್ತೆ. ಸೆಟ್‌ಆಟ್ರ್‌ನಲ್ಲಿ (ಸೈಜ್ ಬದಲಿಸೋವಾಗ ಬರೋ ಫಂಕ್ಷನ್) ವಿನೋಡ್ ಪೇಜರ್ ಸೆಟ್‌ಸೈಜ್ ಕರೀರಿ, ಕಡೇ ಪೇಜಿನ ಬಾಲದಲ್ಲಿ ಉಳಿದ ಹಳೇ ಬೈಟ್‌ಗಳನ್ನ ಅದು ಸೊನ್ನೆ ಮಾಡ್ತದೆ. ಬೇರೆ ಕ್ಲೈಂಟ್ ಚಿಕ್ಕದು ಮಾಡಿ ಕಾಲ್‌ಬ್ಯಾಕ್ ಬಂದಾಗ್ಲೂ ಹ್ಯಾಂಡ್ಲರ್ ಒಳಗಲ್ಲ, ಆಮೇಲೆ ಹೊಸ ಸೈಜ್ ಗೊತ್ತಾದ ಜಾಗದಲ್ಲಿ ಅದೇ ಕರೀಬೇಕು, ಅಲ್ಲಿ ಮಾತ್ರ ವಿನೋಡ್ ಲಾಕ್ ಹಿಡಿದೇ ಮಾಡಿ. ಎಫ್‌ಎಸ್‌ಎಕ್ಸ್‌ಗೆ ಅದೇ ಸೀಡ್ ಕೊಟ್ಟು ಮತ್ತೆ ಓಡಿಸಿ, ಆಮೇಲೆ ಪಿಜೆಡಿಎಫ್‌ಎಸ್‌ಟೆಸ್ಟ್ ಅನ್ನೋ ಇನ್ನೊಂದು ಪರೀಕ್ಷೆಗೆ ಹೋಗಿ, ರೀನೇಮ್‌ನಲ್ಲಿ ಏನಾದ್ರೂ ಬಿದ್ರೆ ಇಲ್ಲೇ ಹಾಕಿ.